ಡ್ರೈವರ್ ಹಾಕಿದ ಜೇನುಹೆಂಡ

ಹಿದಾರ್ 20

ಎದ್ದೆ. ರೇಡಿಯೋ. ಕಾಫಿ ಎರಡು ಬಟ್ಟಲು. ಬಸ್ ನಿಲ್ದಾಣದವರೆಗೆ ಹೋಗಿ ಬಂದೆ. ಅಡಿಸ್ ಗಾಡಿ ಇಪ್ಪತ್ತು ನಿಮಿಷ ಲೇಟ್. ನನ್ನ ಕಾಲದಲ್ಲಿ ಹೀಗಿರಲಿಲ್ಲ ಅಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂವತ್ತೊಂದು ವರ್ಷ ಬಸ್ ಓಡಿಸಿ ದಿನಾ ಟ್ರಿಪ್ ಬರೆದ ಕೈ. ರಿಟೈರ್ ಆದರೂ ಬರೆಯದೆ ನಿದ್ದೆ ಬರಲ್ಲ.

ಮಧ್ಯಾಹ್ನ ಚೋಕೆ ಬೆಟ್ಟದಿಂದ ಜೇನು ಮಾರೋ ಅಯಾಲ್ನೆಹ್ ಬಂದ. ಜೇನು, ಮೂರು ದೊಡ್ಡ ಡಬ್ಬ. ಮಳೆ ನಿಂತ ಮೇಲೆ ಬೆಟ್ಟವೆಲ್ಲ ಹಳದಿ ಹೂವಾಗುತ್ತಲ್ಲ, ಆ ಹೂವಿನದು. ಮೇಣ, ಸತ್ತ ಹುಳ, ಎಲ್ಲ ಸೇರಿಯೇ. ಹೆಂಡತಿ ಅಸ್ನಾಕು ಬೆರಳದ್ದಿ ನೆಕ್ಕಿದಳು. ಕಣ್ಣು ಮುಚ್ಚಿ ಸುಮಾರು ಹೊತ್ತು ನಿಂತಳು.

"ಸರಿ. ನನ್ನ ಮಗಳ ಮದುವೆ ತೆಜ್‌ಗೆ ಇದು ಆಗುತ್ತೆ."

ತೆಜ್, ಅಂದರೆ ಜೇನುಹೆಂಡ, ಈ ಊರಲ್ಲಿ ಅಸ್ನಾಕುವಿನದೇ. ಹೆಂಡತಿ ಅಂತ ಹೇಳ್ತಿಲ್ಲ. ದೆಬ್ರೆ ಮಾರ್ಕೋಸ್‌ನಲ್ಲಿ ಯಾರನ್ನು ಬೇಕಾದರೂ ಕೇಳಿ.

ಮದುವೆ ಬರೋ ತಿಂಗಳು ತಾಹ್ಸಾಸ್ ಕಳೆದು, ತಿರ್ 14ಕ್ಕೆ. ಟೈಮ್ ಬೇಕಾದಷ್ಟಿದೆ.

ಹಿದಾರ್ 21

ಮಾರ್ಯಮ್ ಹಬ್ಬ. ಚರ್ಚ್ ಮೆಟ್ಟಿಲಲ್ಲಿ ಅಸ್ನಾಕು ಜಾರಿ ಬಿದ್ದಳು. ಬಲಗೈ, ಎರಡು ಕಡೆ ಮುರಿತ. ಭುಜದವರೆಗೆ ಪ್ಲಾಸ್ಟರ್, ಆರು ವಾರ. ಆಸ್ಪತ್ರೆಯಲ್ಲಿ ಒಂದು ಹನಿ ಕಣ್ಣೀರು ಹಾಕಲಿಲ್ಲ. ಮನೆಗೆ ಬಂದು ಜೇನಿನ ಡಬ್ಬ ನೋಡಿ ಅತ್ತಳು.

ಹಿದಾರ್ 23

ತೆಜ್ ಅಂಗಡಿಯಿಂದ ತರೋಣ ಅಂದೆ. ತಪ್ಪಾಯಿತು.

"ಸಕ್ಕರೆ ನೀರಿಗೆ ಬಣ್ಣ ಹಾಕಿ ಮಾರ್ತಾರೆ! ಹಬ್ತಾಮು ಅಜ್ಜಿ ಬರ್ತಾಳೆ ಗೊತ್ತಾ? ಶಾಶಿತು ಅಜ್ಜಿ! ಮೂಸಿ ನೋಡಿಯೇ ಯಾವ ಬೆಟ್ಟದ ಜೇನು ಅಂತ ಹೇಳೋಳು."

ಹಬ್ತಾಮು ನಮ್ಮ ಭಾವೀ ಅಳಿಯ. ಹುಡುಗ ಪಾಪ, ಏನು ಕೊಟ್ಟರೂ ಕುಡೀತಾನೆ. ಅಜ್ಜಿಯದೇ ಭಯ.

ಪಕ್ಕದ ಮನೆ ವುಬಾಲೆಮ್‌ಗೆ ಹೇಳು ಅಂದೆ. ಬಾರ್ಲಿ ಹೆಂಡ, ತಲ್ಲಾ, ಅವಳೇ ಮಾಡ್ತಾಳಂತೆ, ಒಪ್ಪಿದಾಳೆ. ಆದರೆ ತೆಜ್ ಅವಳ ಕೈಗೆ ಕೊಟ್ಟರೆ ಸಾಯೋವರೆಗೂ ಹೇಳಿಕೊಂಡು ತಿರುಗ್ತಾಳಂತೆ.

ಆಮೇಲೆ ನನ್ನನ್ನೇ ನೋಡಿದಳು.

"ನಿನಗೂ ಎರಡು ಕೈ ಇದಾವಲ್ಲ, ಯಿರ್ಗಾ."

ನಕ್ಕೆ. ಅವಳು ನಗಲಿಲ್ಲ.

ಹಿದಾರ್ 24

ಒಪ್ಪಂದ: ನಾನು ಮಾಡೋದು, ಅವಳು ಹೇಳೋದು. ಯಾರಿಗೂ ತಿಳಿಯಬಾರದು. ಗಂಡಸು ತೆಜ್ ಹಾಕಿದ ಅಂದರೆ ನಿಲ್ದಾಣದಲ್ಲಿ ನಾನು ತಲೆ ಎತ್ತಿ ನಡೆಯೋ ಹಾಗಿಲ್ಲ. ಅವಳ ಹೆಸರೂ ಹೋಗುತ್ತೆ. ಹಿಂದಿನ ಕೋಣೆ. ಬಾಗಿಲು ಹಾಕಿ.

ತಾಹ್ಸಾಸ್ 3

ಇವತ್ತು ಹಾಕಿದೆ. ಬರೆದಿಡ್ತೀನಿ, ಮರೆಯಬಾರದು.

ಮೊದಲು ಗುಡಾಣ ತೊಳೆಯೋದು. ಮೂರು ಸಲ. ಆಮೇಲೆ ಕಾಡು ಆಲಿವ್ ಕಟ್ಟಿಗೆ ಹೊತ್ತಿಸಿ, ಗುಡಾಣ ಬೋರಲು ಹಾಕಿ ಒಳಗೆ ಹೊಗೆ ಹಿಡಿಸೋದು. ಕೆಮ್ಮಿ ಕೆಮ್ಮಿ ಸಾಕಾಯಿತು. ಒಂದು ಪಾಲು ಜೇನು, ನಾಲ್ಕು ಪಾಲು ನೀರು. ಕೈಯಲ್ಲೇ ಕಲಸಬೇಕಂತೆ.

"ಸ್ಟೇರಿಂಗ್ ತಿರುಗಿಸಿದ ಹಾಗೆ ತಿರುಗಿಸ್ಬೇಡ! ಕೆಳಗಿಂದ ಮೇಲಕ್ಕೆ. ಮಗೂಗೆ ಸ್ನಾನ ಮಾಡಿಸ್ತೀವಲ್ಲ, ಹಾಗೆ."

"ನಾನು ಯಾವತ್ತು ಮಗೂಗೆ ಸ್ನಾನ ಮಾಡಿಸಿದೀನಿ?"

"ಅದೂ ನಿಜ."

ಮಗಳು ಮಸ್ತೆವಾಲ್ ಹುಟ್ಟಿದಾಗ ನಾನು ಅಬಾಯ್ ಕಣಿವೆಯಲ್ಲಿ ಕೆಟ್ಟ ಗಾಡಿ ಪಕ್ಕ ಮೂರು ದಿನ ಕೂತಿದ್ದೆ. ತಿಂಗಳಿಗೆ ನಾಲ್ಕು ರಾತ್ರಿ ಮನೆ. ಇಷ್ಟೇ ಲೆಕ್ಕ.

ಮೊಣಕೈವರೆಗೆ ಜೇನು. ಎರಡು ನೊಣ ಗಡ್ಡಕ್ಕೆ ಅಂಟಿಕೊಂಡವು. ಅವಳು ಪ್ಲಾಸ್ಟರ್ ಹಿಡಕೊಂಡು ನಕ್ಕಳು, ನೋವಾಗುತ್ತೆ ನಗಿಸ್ಬೇಡ ಅಂತ ಬೈದಳು, ಮತ್ತೆ ನಕ್ಕಳು.

ತಾಹ್ಸಾಸ್ 7

ಸದ್ದಿಲ್ಲ. ಗುಡಾಣಕ್ಕೆ ಕಿವಿ ಇಟ್ಟೆ. ಏನೂ ಇಲ್ಲ. ಮೂರನೇ ದಿನಕ್ಕೆ ಗುಳುಗುಳು ಅನ್ನಬೇಕಿತ್ತು. ಹೊರಗೆ ಹುಲ್ಲಿನ ಮೇಲೆ ಮಂಜು ಬೆಳ್ಳಗೆ ಕೂತಿದೆ.

"ಎಂಜಿನ್ ತಣ್ಣಗಾಗಿದೆ" ಅಂದೆ.

"ನಿನ್ನ ಬಾಯಿಗಿಷ್ಟು… ಅದು ಎಂಜಿನ್ ಅಲ್ಲ."

ಆದರೂ ಗುಡಾಣ ಇಂಚಿಂಚು ಸರಿಸಿ, ಅದೇ ಕೋಣೆಯ ಒಲೆ ಕಡೆ ಗೋಡೆ ಪಕ್ಕ ತಂದೆ. ನನ್ನ ದಪ್ಪ ಹೊದಿಕೆ ಸುತ್ತಿದೆ. ನಾನು ಜಾಕೆಟ್ ಹಾಕಿಕೊಂಡು ಮಲಗ್ತೀನಿ.

ತಾಹ್ಸಾಸ್ 9, ಬೆಳಗ್ಗೆ

ಸ್ಟಾರ್ಟ್ ಆಯಿತು!!

ಕೈಹಿಡಿದು ಕರಕೊಂಡು ಬಂದೆ ಅವಳನ್ನ. ಇಬ್ಬರೂ ಆ ಕಡೆ ಈ ಕಡೆ ಕಿವಿ ಇಟ್ಟು ಕೂತೆವು. ಸಣ್ಣ ಮಳೆ ಹನಿದ ಹಾಗೆ ಒಳಗೆ. "ಹ್ಞೂ, ಮಾತಾಡ್ತಿದೆ" ಅಂದಳು. ಅವಳ ಮುಖ ಇಷ್ಟು ಹತ್ತಿರದಿಂದ ನೋಡಿ ಎಷ್ಟು ವರ್ಷವಾಗಿತ್ತೋ.

ತಾಹ್ಸಾಸ್ 11

ಮೇಲೆ ತೇಲಿದ ಮೇಣ ತೆಗೆದೆ. ಗೆಶೋ ಎಲೆ, ಸಣ್ಣ ಕಡ್ಡಿ ಕುದಿಸಿ ಹಾಕಿದೆ. ಕಹಿ ಕೊಡೋದು ಅದೇ, ಜೇನನ್ನ ಹೆಂಡ ಮಾಡೋದೂ ಅದೇ. ಆರು ದಿನ ಬಿಟ್ಟು ತೆಗೀಬೇಕು, ಒಂದು ದಿನ ಜಾಸ್ತಿ ಆಗಬಾರದು ಅಂತ ಹತ್ತು ಸಲ ಹೇಳಿದಾಳೆ.

ಬಾಗಿಲಲ್ಲಿ ವುಬಾಲೆಮ್ ಸಿಕ್ಕಳು. ಮೂಗು ಎಳೆದುಕೊಂಡಳು.

"ಯಿರ್ಗಾ ಅಣ್ಣ, ನಿಮ್ಮ ಮೈಯೆಲ್ಲ ಗೆಶೋ ವಾಸನೆ!"

"ಹಲ್ಲು ನೋವು. ಅಗಿದೆ."

"ಯಾವ ಹಲ್ಲು?"

ಎಡಗಡೆ ತೋರಿಸಿದೆ. ಅಲ್ಲಿ ಹಲ್ಲೇ ಇಲ್ಲ.

ತಾಹ್ಸಾಸ್ 15

ಅವಳ ತಲೆ ತೊಳೆದೆ. ಒಂದು ಕೈಯಲ್ಲಿ ಆಗಲ್ಲ ಅವಳಿಗೆ. ಬೆಣ್ಣೆ ಹಚ್ಚಿದೆ. ಜಡೆ ಹಾಕಲು ನೋಡಿದೆ, ಹಗ್ಗ ಹೊಸೆದ ಹಾಗಾಯಿತು. ಬಿಚ್ಚೋದು ಬೇಡ ಅಂದಳು. ಹಾಗೇ ಇಟ್ಟುಕೊಂಡಿದಾಳೆ.

ಮಾತು ಬಂತು. ಪ್ರತಿ ಹಬ್ಬಕ್ಕೂ ನನ್ನ ಪಾಲು ಅಂತ, ತೆಜ್ ಕುಡಿಯೋ ಉದ್ದ ಕತ್ತಿನ ಶೀಶೆ ಒಂದು ತುಂಬಿ ಎತ್ತಿಡ್ತಿದ್ದಳಂತೆ. ನಾನು ಹಬ್ಬ ಮುಗಿದ ಎರಡು ದಿನಕ್ಕೋ ನಾಲ್ಕು ದಿನಕ್ಕೋ ಬಂದು, ನಿಂತಲ್ಲೇ ಒಂದೇ ಗುಟುಕಿಗೆ ಕುಡಿದು, "ಚೆನ್ನಾಗಿದೆ" ಅಂದು ಮಲಗ್ತಿದ್ದೆನಂತೆ.

"ಹೇಗಿದೆ ಅಂತ ಒಂದು ಸಲಾನಾದ್ರೂ ಸರಿಯಾಗಿ ಹೇಳಲಿಲ್ಲ ನೀನು."

ನೀರು ಕಾಯಿಸೋಕೆ ಎದ್ದು ಹೋದೆ.

ತಾಹ್ಸಾಸ್ 20

ಅಯ್ಯೋ.

ಗೆಶೋ ತೆಗೆಯೋದು 17ಕ್ಕೆ. ಮರೆತೆ. ಅವಳೂ ಮರೆತಳು. ಮೂರು ದಿನ ಹಳೇ ಮಾತು ಆಡ್ತಾ ಕೂತಿದ್ದೆವು, ಕಾಫಿ ಮೇಲೆ ಕಾಫಿ. ಈಗ ಬಾಯಿಗಿಟ್ಟರೆ ನಾಲಿಗೆ ಒಳಗೆ ಸುತ್ತಿಕೊಳ್ಳುತ್ತೆ. ವಿಷ.

ಬೈತಾಳೆ ಅಂದುಕೊಂಡೆ. ಬೈಯಲಿಲ್ಲ. ಅದಕ್ಕೇ ಭಯವಾಯಿತು.

"ಕಹಿ ಇಳಿಸೋಕೆ ಇನ್ನೂ ಜೇನು ಬೇಕು. ಅದೇ ಬೆಟ್ಟದ್ದು. ಅದೇ ಹೂವಿನದು. ಬೇರೆ ಸೇರಿದ್ರೆ ಅಜ್ಜಿಗೆ ಗೊತ್ತಾಗುತ್ತೆ."

ತಾಹ್ಸಾಸ್ 22

ಬೆಳಗಿನ ಬಸ್ಸಿಗೆ ಚೋಕೆಗೆ. ಪ್ರಯಾಣಿಕನಾಗಿ! ತಿರುವು ಬಂದಾಗಲೆಲ್ಲ ನನ್ನ ಬಲಗಾಲು ಬ್ರೇಕ್ ಒತ್ತುತ್ತಿತ್ತು. ಪಕ್ಕದ ಹೆಂಗಸು "ಕಾಲು ತುಳೀಬೇಡಿ" ಅಂದಳು.

ಆಮೇಲೆ ಎರಡು ಗಂಟೆ ನಡಿಗೆ, ಏರು. ಅಯಾಲ್ನೆಹ್ ಹತ್ತಿರ ಒಂದೇ ಡಬ್ಬ ಉಳಿದಿದೆ. ಮನೆಗೆ ಅಂತ ಇಟ್ಟಿದಾನೆ. ಕೊಡಲ್ಲ ಅಂದ.

"ಅಸ್ನಾಕು ಅಳತೆ ತಪ್ಪೋ ಹೆಂಗಸಲ್ಲ. ಮೂರು ಡಬ್ಬ ಅಂದ್ರೆ ಮೂರೇ. ಏನಾಯ್ತು, ನಿಜ ಹೇಳಿ."

ಹೇಳಿಬಿಟ್ಟೆ. ಪ್ಲಾಸ್ಟರ್, ಗುಡಾಣ, ಹೊದಿಕೆ, ಗೆಶೋ, ಎಲ್ಲ. ನೆಲದ ಮೇಲೆ ಕೂತು ನಕ್ಕ. ಕಣ್ಣಲ್ಲಿ ನೀರು ಬರೋವರೆಗೆ ನಕ್ಕ. ಮೇಲೆದ್ದು ಡಬ್ಬ ನನ್ನ ಹೆಗಲಿಗೆ ತಾನೇ ಏರಿಸಿದ.

"ಹೋಗಿ ಅಣ್ಣ. ಇಂಥ ತೆಜ್‌ಗೆ ನನ್ನ ಜೇನು ಸೇರಲಿಲ್ಲ ಅಂದ್ರೆ ನನಗೇ ಬೇಜಾರು."

ತಾಹ್ಸಾಸ್ 23

ಜೇನು ಹಾಕಿದೆ. ನೀರೂ ಸ್ವಲ್ಪ. ಕಾಯಬೇಕು.

ತಾಹ್ಸಾಸ್ 29

ಗೆನ್ನಾ ಹಬ್ಬ, ಯೇಸು ಹುಟ್ಟಿದ ದಿನ. ಮಸ್ತೆವಾಲ್ ಬಾಹಿರ್ ದಾರ್‌ನಿಂದ ಬಂದಳು. ಹಿಂದಿನ ಕೋಣೆಗೆ ಬೀಗ ಯಾಕೆ ಅಂತ ಕೇಳಿದಳು. ಇಲಿ ಅಂದೆ. ಅವಳಮ್ಮ "ಹಾವು" ಅಂದಳು, ಅದೇ ಕ್ಷಣಕ್ಕೆ. ಹುಡುಗಿ ಇಬ್ಬರನ್ನೂ ನೋಡಿ, "ನೀವಿಬ್ರೂ ಏನೋ ಸರಿ ಇಲ್ಲ" ಅಂದಳು.

ತಿರ್ 3

ಪ್ಲಾಸ್ಟರ್ ತೆಗೆದರು. ಕೈ ಕಡ್ಡಿಯಾಗಿದೆ. ಶೀಶೆ ಹಿಡಿದರೆ ನಡುಗುತ್ತೆ. ಮನೆಗೆ ಬಂದವಳೇ ತೆಜ್ ಬಗ್ಗಿಸಿಕೊಂಡು ಕುಡಿದಳು. ಒಂದು ಗುಟುಕು. ಇನ್ನೊಂದು.

"ಹೇಗಿದೆ?" ಅಂದೆ.

"ಮದುವೆ ದಿನ ಹೇಳ್ತೀನಿ."

ಹನ್ನೊಂದು ದಿನ! ಟೆನ್ಷನ್‌ನಲ್ಲಿ ಸಾಯಿಸ್ತಾಳೆ ಇವಳು.

ತಿರ್ 16

ಎರಡು ದಿನ ಪೆನ್ನು ಮುಟ್ಟಲು ಆಗಲಿಲ್ಲ. ಮದುವೆಯಲ್ಲಿ ನಮ್ಮ ಭುಜದ ಕುಣಿತ ಕುಣಿದು ಕುಣಿದು ಕತ್ತು ತಿರುಗ್ತಿಲ್ಲ. ನಿಧಾನವಾಗಿ ಬರೀತೀನಿ.

ಮುನ್ನೂರು ಜನ. ಮಸ್ತೆವಾಲ್ ಬಿಳಿ ಬಟ್ಟೆಯಲ್ಲಿ… ಅದನ್ನು ಬರೆಯೋಕೆ ಬರಲ್ಲ ನನಗೆ. ವುಬಾಲೆಮ್‌ನ ತಲ್ಲಾ ಮೊದಲು ಹೋಯಿತು, ಎಲ್ಲರೂ ಹೊಗಳಿದರು. ಆಮೇಲೆ ತೆಜ್. ಶಾಶಿತು ಅಜ್ಜಿ ಮುಂದೆ ನಾನೇ ಶೀಶೆ ಇಟ್ಟೆ.

ಮೂಸಿದಳು. "ಚೋಕೆ. ಹಳದಿ ಹೂವು." ಸರಿ. ಕುಡಿದಳು. ಇನ್ನೊಮ್ಮೆ ಕುಡಿದಳು. ಶೀಶೆ ಕೆಳಗಿಟ್ಟಳು.

"ಅಸ್ನಾಕು, ಇದು ನಿನ್ನ ಕೈಯಲ್ಲ."

ಸಾಲಿನಲ್ಲಿದ್ದವರೆಲ್ಲ ಕತ್ತು ತಿರುಗಿಸಿ ನೋಡಿದರು. ನಿಲ್ದಾಣದ ಗೆಳೆಯರೆಲ್ಲ ಎದುರಿಗೇ ಇದ್ದರು. ಅಸ್ನಾಕು "ನನ್ನದೇ, ಕೈ ಮುರಿದಿತ್ತಲ್ಲ, ಅದಕ್ಕೇ" ಅಂದುಬಿಡ್ತಾಳೆ ಅಂದುಕೊಂಡೆ. ಹಾಗೇ ಹೇಳಬೇಕು ಅಂತ ನಾವಿಬ್ಬರೂ ಸೇರಿ ಮಾತು ಮಾಡಿಕೊಂಡಿದ್ದೆವು.

ಎದ್ದು ನಿಂತಳು. ಆ ಕಡ್ಡಿ ಕೈ ಎತ್ತಿ ನನ್ನ ಕಡೆ ತೋರಿಸಿದಳು.

"ನನ್ನ ಗಂಡ ಮಾಡಿದ್ದು. ಹೊಗೆ ಹಿಡಿಸೋದರಿಂದ ಹಿಡಿದು ಸೋಸೋವರೆಗೆ ಎಲ್ಲಾ ಅವನೇ. ನನಗೆ ಇದಕ್ಕಿಂತ ಚೆನ್ನಾಗಿ ಬರಲ್ಲ ಅಜ್ಜಿ."

ಸುಳ್ಳು. ಎಂಥ ಸುಳ್ಳು! ಅವಳ ಕಾಲಿನ ಧೂಳಿಗೂ ಸಮ ಇಲ್ಲ ಅದು.

ನಿಲ್ದಾಣದ ಗೆಳೆಯರಲ್ಲಿ ಮೊದಲು ಒಬ್ಬ ನಕ್ಕ. ಆಮೇಲೆ ಎಲ್ಲರೂ. "ಯಿರ್ಗಾ, ಹಾರ್ನ್ ಎಲ್ಲಿಟ್ಟೆಯೋ? ಗುಡಾಣಕ್ಕೆ ಹಾಕಿದೆಯಾ?" ವುಬಾಲೆಮ್ ಎದ್ದು, "ಹಲ್ಲು ನೋವು ಅಂದ್ರಿ ಅಣ್ಣ!" ಅಂತ ಕೂಗಿದಳು. ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು.

ಅಜ್ಜಿ ಕೈ ಎತ್ತಿದಳು.

"ಕಹಿ ಒಂದು ಚೂರು ಮುಂದಿದೆ. ಮೂರು ದಿನ ಮೈಮರೆತಿದೀಯ."

"ಹೌದಜ್ಜಿ."

"ಯಾತಕ್ಕೆ?"

"ಇವಳ ಜೊತೆ ಮಾತಾಡ್ತಾ ಕೂತಿದ್ದೆ."

ಅಜ್ಜಿ ಖಾಲಿ ಶೀಶೆ ನನ್ನ ಕಡೆ ಚಾಚಿದಳು. "ಹಾಕು. ಇಂಥ ಕಹಿ ನನಗೆ ಯಾರೂ ಮಾಡಿಕೊಡಲಿಲ್ಲ."

ಹೆಂಗಸರು ನಾಲಿಗೆ ಆಡಿಸಿ ಉಲುಲು ಅಂತ ಖುಷಿಯಿಂದ ಕೂಗಿದರು. ಡೋಲು ಶುರುವಾಯಿತು. ಅಸ್ನಾಕು ಒಂದೇ ಭುಜ ಕುಣಿಸಿದಳು, ನಾನು ಎರಡೂ. ಗುಡಾಣ ಸಂಜೆಗೆ ಮುಂಚೆ ಖಾಲಿ.

ಯೆಕಾತಿತ್ 6

ನಿಲ್ದಾಣದಲ್ಲಿ ಮೂವರು ಗುಟ್ಟಾಗಿ ಬಂದು ಕೇಳಿದರು, ಒಂದು ಪಾಲು ಜೇನಿಗೆ ನೀರು ನಾಲ್ಕೋ ಮೂರೋ ಅಂತ. ಒಬ್ಬನಂತೂ ಬರೆದುಕೊಂಡ.

ಈಗ ತಲ್ಲಾ ಕಲೀತಿದೀನಿ. ಬಾರ್ಲಿ ಮೊಳಕೆ, ಸುಟ್ಟ ರೊಟ್ಟಿ, ಗೆಶೋ. ಮೊನ್ನೆ ಅಸ್ನಾಕು ಜೊತೆ ಸೇರಿ ಹಾಕಿದೆ. ಅವಳು ಬಲಗೈ, ನಾನು ಎಡಗೈ, ಒಂದೇ ಗುಡಾಣದಲ್ಲಿ. ಬಾಯಿಗೆ ಬಟ್ಟೆ ಬಿಗಿಯಾಗಿ ಕಟ್ಟಬೇಡ ಅಂದಳು. ನಾನು ಬಿಗಿಯಾಗೇ ಕಟ್ಟಿದೆ, ಲಗೇಜ್ ಕಟ್ಟಿದ ಕೈ, ಸಡಿಲ ಕಟ್ಟೋಕೆ ಬರಲ್ಲ…

ಕೂಗ್ತಿದಾಳೆ. ಬಟ್ಟೆ ಹಾರಿಹೋಯಿತಂತೆ, ನೊರೆ ಗೋಡೆಗೆಲ್ಲ. ನಗ್ತಿದಾಳೋ ಬೈತಿದಾಳೋ ಇಲ್ಲಿಂದ ತಿಳೀತಿಲ್ಲ. ಬಂದೆ ಬಂದೆ, ಬರೋವರೆಗೆ ಕೈ ಅಡ್ಡ ಹಿಡ್ಕೊ ಅಂ—