ಅಮ್ಮ ತೋರಿಸಿದ ಫಿಲಿಪಿನೊ ಸಿನಿಮಾ

ಬೆರ್ರಿಯೆಸಾ
ಶನಿವಾರ

ಪ್ರೀತಿಯ ಅಮ್ಮ,

ನೀನು ಹಟ ಮಾಡಿ ತೋರಿಸಿದ ಫಿಲಿಪಿನೊ ಸಿನಿಮಾ ಹೇಗಿತ್ತೆಂದು ಕೇಳಿದೆ. ಎದುರಿಗೆ ಹೇಳಿದರೆ ಜಗಳವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನರ್ಸಾಗಿ ಲಂಡನ್ನಿಗೆ ಹೋದ ನಾಯಕಿ ಮನೆಗೆ ವಿಡಿಯೊ ಕಾಲ್ ಮಾಡುವ ದೃಶ್ಯ ಚೆನ್ನಾಗಿದೆ. ಅಳು ಬಂದಾಗ ಫೋನನ್ನು ಚಾವಣಿಯತ್ತ ತಿರುಗಿಸಿ, ನಗುತ್ತಲೇ ಮಾತಾಡುತ್ತಾಳೆ. ನನಗೂ ಅಳು ಬಂತು. ನಾಯಕ ಅವಳಿಗಾಗಿ ಐದು ವರ್ಷ ಕಾದರೂ ಅವನ ಕ್ರಾಪು ಒಂದಿಷ್ಟೂ ಬದಲಾಗುವುದಿಲ್ಲ.

"ನೋಡು ಶರಣ್ಯಾ, ಅವಳು ಮೊದಲು ನರ್ಸಿಂಗು ಮುಗಿಸಿದ್ಲು, ಆಮೇಲೆ ಲವ್ವು!" ಎಂದೆ ನೀನು. ಆದರೆ "ನಿನಗೇನು ಇಷ್ಟ?" ಎಂದು ಅವಳ ತಾಯಿ ಅವಳನ್ನು ಒಮ್ಮೆಯೂ ಕೇಳುವುದಿಲ್ಲ. ಕೇಳಬೇಕಾದ ಕಡೆಯೆಲ್ಲ ಹಾಡು ಹಾಕಿದ್ದಾರೆ. ಸಿನಿಮಾದ ದೊಡ್ಡ ದೋಷ ಅದೇ.

ನಾನು ಕಾಲೇಜು ಬಿಟ್ಟ ದಿನದಿಂದ ಕಾರಿನ ಕೀ ನಿನ್ನ ಬ್ಯಾಗಿನಲ್ಲಿದೆ. ಕೊಟ್ಟುಬಿಡು, ಈ ಮನೆಯಲ್ಲಿ ಉಸಿರು ಕಟ್ಟುತ್ತಿದೆ. ಸೋಮವಾರ ನನ್ನನ್ನು ಮತ್ತೆ ಕಾಲೇಜಿಗೆ ಸೇರಿಸಲು ಕರೆದೊಯ್ಯುವ ಮೊದಲು, ನನಗೇನು ಬೇಕೆಂದು ಒಮ್ಮೆ ಕೇಳು. "ಗೊತ್ತಿಲ್ಲ" ಎನ್ನುತ್ತೇನೆ, ಅದು ನಿಜ. ಆಗ ಬೈಯದೆ ಸ್ವಲ್ಪ ಹೊತ್ತು ಜೊತೆಗೆ ಕೂತಿರು.

ಪಕ್ಕದ ಕೋಣೆಯಿಂದ,
ಶರಣ್ಯಾ