ಎರಡನೇ ವಾರದ ವರದಿ

ಮಾರ್ಚ್ 3

ಪ್ರೀತಿಯ ಅಣ್ಣನಿಗೆ,

ನಿನ್ನ ಆರೋಗ್ಯ ವಿಚಾರಿಸಿ, ಅತ್ತಿಗೆಗೆ ನಮಸ್ಕಾರ ಹೇಳಿ ಈ ಪತ್ರ ಮುಗಿಸಿಬಿಡುವವಳಿದ್ದೆ. ಹೇಳಬೇಕಾದದ್ದನ್ನು ಬಿಟ್ಟೇಬಿಡುತ್ತಿದ್ದೆ. ಫೋನಿನಲ್ಲಿ ಮೂರು ಸಲ ಶುರು ಮಾಡಿದೆ; ಮೂರು ಸಲವೂ ನೀನು ತಮಾಷೆ ಮಾಡಿದೆ, ನಾನು ನಕ್ಕು ಸುಮ್ಮನಾದೆ. ತಡವಾದದ್ದಕ್ಕೆ ಕ್ಷಮಿಸು.

ಹೋದ ಸೆಪ್ಟೆಂಬರಿನಲ್ಲಿ ಡಾಕ್ಟರು ಸಕ್ಕರೆ ಕಾಯಿಲೆಗೆ ಹೊಸ ಮಾತ್ರೆ ಕೊಟ್ಟರಲ್ಲ, ಮೂತ್ರದಲ್ಲಿ ಸಕ್ಕರೆಯನ್ನು ಹೊರಹಾಕುವಂಥದ್ದು. "ಬಸ್ಸಿಗಿಂತ ಡ್ರೈವರಿಗೇ ಸ್ಟಾಪು ಜಾಸ್ತಿ ಆಗಿದೆ ಕಣೇ" ಎಂದು ಬಸ್ ಓಡಿಸಿ ಬಂದು ನೀನು ಗೊಣಗಿದ್ದೆ. ಎರಡನೇ ವಾರದ ರಕ್ತಪರೀಕ್ಷೆಯ ವರದಿಯನ್ನು ಎಂದಿನಂತೆ ನನಗೇ ಕಳಿಸಿದೆ. ಇಂಗ್ಲಿಷ್ ಓದಿದವಳು ನಾನಲ್ಲವೇ! ಕಿಡ್ನಿ ಕುಂದಿದರೆ ಏರುವ ಕ್ರಿಯಾಟಿನಿನ್ 1.4ರಿಂದ 1.6ಕ್ಕೆ ಏರಿತ್ತು. ಮಾತ್ರೆ ಕಿಡ್ನಿಯನ್ನು ಹಾಳುಮಾಡುತ್ತಿದೆ ಎಂದುಕೊಂಡೆ. "ಡಾಕ್ಟರನ್ನ ಕೇಳಿದೆ, ನಿಲ್ಲಿಸು ಅಂದ್ರು" ಎಂದು ನಿನಗೆ ಹೇಳಿದೆ.

ಅಣ್ಣ, ನಾನು ಕೇಳಿರಲಿಲ್ಲ. ಎರಡು ಸಲ ಫೋನ್ ಮಾಡಿದೆ, ಅವರು ಎತ್ತಲಿಲ್ಲ. ಇಂಟರ್ನೆಟ್ಟಿನಲ್ಲಿ ಅರ್ಧ ಪುಟ ಓದಿ ನಾನೇ ತೀರ್ಮಾನಿಸಿದೆ. "ಕೊಟ್ಟವರೇ ನಿಲ್ಲಿಸು ಅಂತಾರೆ, ಇವರೆಂಥ ಡಾಕ್ಟರು!" ಎಂದು ನೀನು ಅತ್ತ ಹೋಗುವುದನ್ನೇ ಬಿಟ್ಟೆ.

ಆಮೇಲೊಮ್ಮೆ ನಮ್ಮ ಗ್ರಂಥಾಲಯದ ಸಹೋದ್ಯೋಗಿಯ ಜೊತೆ ಅದೇ ಕ್ಲಿನಿಕ್ಕಿಗೆ ಹೋಗಿದ್ದೆ. ಅವರಿಗೂ ಅದೇ ಮಾತ್ರೆ. ನರ್ಸ್ ಹೇಳಿದರು: "ಮೊದಮೊದಲು ಕ್ರಿಯಾಟಿನಿನ್ ಸ್ವಲ್ಪ ಏರಬಹುದು, ಗಾಬರಿ ಬೀಳ್ಬೇಡಿ. ಕಿಡ್ನಿ ಮೇಲಿನ ಒತ್ತಡ ಇಳಿದಿದ್ದಕ್ಕೆ ಹಾಗಾಗುತ್ತೆ. ಬರ್ತಾ ಬರ್ತಾ ಒಳಗಿನ ಉರಿಯೂತಾನೂ ತಗ್ಗುತ್ತೆ. ನಮ್ಮನ್ನ ಕೇಳದೆ ಮಾತ್ರ ನಿಲ್ಲಿಸ್ಬೇಡಿ."

"ಉರಿಯೂತ ಅಂದ್ರೆ ನೋವಿರ್ಬೇಕಲ್ವಾ? ನಂಗೇನೂ ಇಲ್ವಲ್ಲ" ಎಂದರು ಸಹೋದ್ಯೋಗಿ.

"ಕಿಡ್ನಿ ಅಷ್ಟು ಬೇಗ ಬಾಯಿ ಬಿಡಲ್ಲ ಮೇಡಂ."

ಪಕ್ಕದಲ್ಲಿ ಕೂತಿದ್ದ ನಾನೂ ಬಾಯಿ ಬಿಡಲಿಲ್ಲ.

ನಿನ್ನ ಮೊನ್ನೆಯ ವರದಿಯಲ್ಲಿ ಮೂತ್ರದಲ್ಲಿ ಹೋಗುವ ಪ್ರೋಟೀನು ದುಪ್ಪಟ್ಟಾಗಿದೆ, ಕಿಡ್ನಿಗೆ ಪೆಟ್ಟು ಬಿದ್ದ ಲಕ್ಷಣ. ಮಾತ್ರೆ ಬಿಟ್ಟದ್ದರಿಂದಲೇ ಎನ್ನಲಾರೆ. ಅಲ್ಲ ಎನ್ನುವ ಧೈರ್ಯವೂ ಇಲ್ಲ. ಹಳೆಯ ಡಾಕ್ಟರ ಬಳಿಗೇ ಹೋಗು, ಈ ಪತ್ರ ತೋರಿಸು. ತಪ್ಪು ಅವರದಲ್ಲ. ಮಾತ್ರೆ ಮತ್ತೆ ಶುರು ಮಾಡಬೇಕೋ ಬೇಡವೋ ಅವರು ಹೇಳಲಿ, ನನ್ನನ್ನು ಕೇಳಬೇಡ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನೀನು ಚೆನ್ನಾಗಿರಬೇಕು.

ನಿನ್ನ ತಂಗಿ

ತಾ.ಕ.: ಬರೆದಿಟ್ಟು ವಾರವಾಯಿತು, ಇನ್ನೂ ನನ್ನ ಚೀಲದಲ್ಲೇ ಇದೆ. ನರ್ಸ್ ಹಾಗೆ ಹೇಳಿದ್ದು ಮೊನ್ನೆಯಲ್ಲ, ನವೆಂಬರಿನಲ್ಲಿ. ಅದೇ ವಾರದ ಭಾನುವಾರ ನಿನ್ನ ಮನೆಯಲ್ಲಿ ಎಲ್ಲರ ಮುಂದೆ "ನನ್ನ ಕಿಡ್ನಿ ಉಳಿಸಿದ್ದೇ ನನ್ನ ತಂಗಿ" ಎಂದೆಯಲ್ಲ, ಆ ಮಾತನ್ನು ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಅದಕ್ಕೇ ನಾಲ್ಕು ತಿಂಗಳು ಸುಮ್ಮನಿದ್ದೆ. ನಾಳೆ, ಮಾರ್ಚ್ ಹನ್ನೊಂದಕ್ಕೆ, ಅಂಚೆಗೆ ಹಾಕುತ್ತೇನೆ.