ಹೇಮಂತ ಹಿಡಿದ ಪೆನಾಲ್ಟಿ

12 ನವೆಂಬರ್ 2003, ಬುಧವಾರ

ಹೇಮಂತನ ಮ್ಯಾಲಿನ ಸಿಟ್ಟು ಇನ್ನೂ ಇಳಿದಿಲ್ಲ. ನಾ ಕಲಿಸೋ ಕಾಲೇಜಿನ ಫುಟ್‌ಬಾಲ್ ಟೀಮಿನ ಗೋಲ್‌ಕೀಪರ್, ಮ್ಯಾಚ್ ಬಿಟ್ಟು ಅಮೀರ್‌ಪೇಟ್‌ಗೆ ಜಾವಾ ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದ. ನಾಕು ಗೋಲು ತಿಂದ್ವಿ.

ದವಾಖಾನಿಯೊಳಗಿದ್ದ ನಮ್ಮ ಓಣಿ ಹುಡುಗಿ ಅಮಿತಾಗ ನಮ್ಮ ಕಾಲೇಜಿನ ಮ್ಯಾಚೆಲ್ಲಾ ನಾನ ಮೊಬೈಲಿನ್ಯಾಗ ಹೇಳತಿದ್ದೆ. ಹನ್ನೊಂದು ವರ್ಷದ ಕೂಸು, ರಕ್ತದ ಕ್ಯಾನ್ಸರು, ಹೇಮಂತ ಅಂದ್ರ ಪ್ರಾಣ. ಅದಕ್ಕ ಇವತ್ತ ಎರಡನೇ ಹಾಫಿನ್ಯಾಗ ಸುಳ್ಳ ಒದರಿದೆ: “ಹೇಮಂತ ಪೆನಾಲ್ಟಿ ಹಿಡದಾ ನೋಡವ್ವಾ!” ಆ ಕಡೆ ಸಪ್ಪಳಿಲ್ಲ. ನಿದ್ದಿ ಹತ್ತಿರಬೇಕು ಅಂದ್ಕೊಂಡೆ, ಆದ್ರೂ ಕಡೀತನಕ ಹೇಳಿದೆ.

ಮ್ಯಾಚ್ ಮುಗಿದ ಮ್ಯಾಲೆ ಆಕಿ ತಾಯಿ ಕೃಷ್ಣಾಬಾಯಿ ಫೋನಿನ್ಯಾಗ ಅಂದ್ರು: “ಹಾಫ್‌ಟೈಮಿಗೇ ಜೀವ ಹೋತ್ರಿ ಸರ್. ನೀವು ಹೇಳಾಕತ್ತಿದ್ರಿ, ಫೋನ್ ಬಂದ್ ಮಾಡಾಕ ಕೈ ಬರಲಿಲ್ಲ.”

ಸಂಜೀಕ ಹೇಮಂತ ಬಂದ. “ನಾ ಆಡಿಲ್ಲಂತ ಅಮಿತಾಗ ಗೊತ್ತಾತೇನ್ರಿ ಸರ್?”

“ಇಲ್ಲ” ಅಂದೆ. ಆಕಿ ಹೋದದ್ದು ಮಾತ್ರ ಅವಗ ಹೇಳಲಿಲ್ಲ.